ತಲುಪಿದೆ ಎಂದ ಹಕ್ಕಿ

ಅಮ್ಮನ ಅಂಗಡಿಯಲ್ಲಿ ಹೊಸ ಬಟ್ಟೆ ಹೊಲಿಯುವುದಿಲ್ಲ. ಹೊಸದನ್ನು ಹೊಲಿಯುವವರು ಆ ಬೀದಿಯಲ್ಲೇ ಬೇಕಾದಷ್ಟು ಜನ ಇದ್ದಾರೆ. ಅವರದು ಗಾಜಿನ ಬಾಗಿಲು, ಬಾಗಿಲ ಹಿಂದೆ ಗೊಂಬೆಗಳು, ಗೊಂಬೆಗಳಿಗೂ ಒಂದು ಗತ್ತು. ಅಮ್ಮನದು ಹಳೆಯದನ್ನು ತಿದ್ದುವ ಅಂಗಡಿ. ದಪ್ಪಗಾದವರ ಪ್ಯಾಂಟು ಬಿಡಿಸುವುದು, ಸೊರಗಿದವರ ಅಂಗಿ ಹಿಡಿಸುವುದು, ಅಕ್ಕನ ಫ್ರಾಕನ್ನು ತಂಗಿಗೆ ಒಗ್ಗಿಸುವುದು. "ಜನ ಬದಲಾಗ್ತಾರೆ, ಬಟ್ಟೆ ಪಾಪ ಹಾಗೇ ಇರುತ್ತೆ. ಇಬ್ಬರಿಗೂ ರಾಜಿ ಮಾಡಿಸೋದೇ ನನ್ನ ಕಸುಬು" ಎನ್ನುತ್ತಾಳೆ ಅಮ್ಮ.

ಆ ಅಂಗಡಿಗೆ ಒಂದು ನೇಮ. ಕತ್ತರಿ ಬೀಳಬೇಕಾದ ಬಟ್ಟೆಯನ್ನು ಅಮ್ಮ ಬಂದ ದಿನವೇ ಕತ್ತರಿಸುವವಳಲ್ಲ. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಉದ್ದನೆಯ ಮೇಜಿನ ಮೇಲೆ ಹಾಸಿ, ಪಕ್ಕದಲ್ಲಿ ಕತ್ತರಿಯನ್ನು ಬಾಯಿಮುಚ್ಚಿ ಮಲಗಿಸಿ, ಬಾಗಿಲು ಹಾಕಿಕೊಂಡು ಮನೆಗೆ ಹೊರಡುತ್ತಾಳೆ. ಬಟ್ಟೆಗೂ ಬಟ್ಟೆಯವರಿಗೂ ಒಂದು ರಾತ್ರಿಯ ವಾಯಿದೆ ಅದು. ಮನಸ್ಸು ಬದಲಾದವರು ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಏದುಸಿರು ಬಿಡುತ್ತ ಬಂದು ನಿಂತಿರುತ್ತಾರೆ: "ಅಮ್ಮಾ, ಕತ್ತರಿಸಿಬಿಟ್ರಾ? ಬೇಡ, ಬೇಡ!" ಅಮ್ಮ ನಕ್ಕು, ಬಟ್ಟೆ ಕೊಡವಿ, ಗೆರೆ ಅಳಿಸಿ, ಮಡಚಿ ಕೊಡುತ್ತಾಳೆ. "ಸುಣ್ಣದ ಗೆರೆ ಉಫ್ ಅಂದ್ರೆ ಹೋಯ್ತು. ಕತ್ತರಿ ಗೆರೆ ಏಳು ಜನ್ಮಕ್ಕೂ ಹೋಗಲ್ಲ."

ಈ ಅಮ್ಮನ ಮಗಳಿಗೆ ಮನೆಯಲ್ಲಿ ಗುಂಗಿ ಎಂದೇ ಹೆಸರು. ಮಗುವಾಗಿದ್ದಾಗ ಮೂಲೆಯಲ್ಲಿ ಕೂತು ತನ್ನಷ್ಟಕ್ಕೆ ತಾನು ಗುಂಯ್ ಎನ್ನುತ್ತಿದ್ದಳಂತೆ, ಮರ ಕೊರೆಯುವ ಗುಂಗಿಹುಳದ ಹಾಗೆ. ಹೆಸರಿಟ್ಟವಳು ಅಜ್ಜಿ, ಅಮ್ಮನ ಅಮ್ಮ. ಗುಂಗಿಯನ್ನು ಎತ್ತಿ ಆಡಿಸಿದ್ದು ಅಜ್ಜಿಯ ತೊಡೆ, ಬೆಳೆಸಿದ್ದು ಅಜ್ಜಿಯ ಕಥೆ. ಹಾಗಾಗಿ ಓದು ಮುಗಿಸಿ, ಕೆಲಸ ಹುಡುಕುವ ನೆಪದಲ್ಲಿ ಅಮ್ಮನ ಅಂಗಡಿಯ ಮೂಲೆಯ ಹಳೆ ಕಂಪ್ಯೂಟರ್ ಮುಂದೆ ಕೂತಾಗಲೂ ಅವಳಿಗೆ ಎಲ್ಲವೂ ಕಥೆಯಾಗಿಯೇ ಕಾಣುತ್ತಿತ್ತು.

"ಕೂತ್ಲು ನೋಡು, ಮೊಟ್ಟೆಗೆ ಕಾವು ಕೊಡೋ ಕೋಳಿ" ಎನ್ನುತ್ತಿದ್ದಳು ಚಿಕ್ಕಮ್ಮ. ಅಮ್ಮನ ತಂಗಿಯಾದ ಅವಳು ಅಂಗಡಿಯಲ್ಲಿ ಕಾಜಾ ಹಾಕುವವಳು, ಗುಂಡಿ ಹೊಲಿಯುವವಳು, ಬಾಯಿ ಮಾತ್ರ ಎಂದೂ ಹೊಲಿದುಕೊಳ್ಳದವಳು. "ಮರಿ ಯಾವಾಗ ಆಚೆ ಬರುತ್ತೆ ಮಹಾರಾಯ್ತಿ?"

"ಬರುತ್ತೆ ಚಿಕ್ಕಮ್ಮ, ತಾಳಿದವರು ಬಾಳಿಯಾರು."

ಮರಿ ಬಂತು. ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದ ಗುಂಗಿಗೆ ಒಂದು ಪುಟಾಣಿ ಫ್ರೇಮ್‌ವರ್ಕ್ ಸಿಕ್ಕಿತ್ತು. ವೆಬ್ ಆ್ಯಪ್ ಕಟ್ಟುವವರಿಗೆ ಅಡಿಪಾಯ, ಕಂಬ, ಬಾಗಿಲನ್ನು ಮೊದಲೇ ಮಾಡಿಟ್ಟು ಕೊಡುವ ಸಾಮಾನು ಅದು. ದೊಡ್ಡ ದೊಡ್ಡವು ಅರಮನೆಗಳಂತಿದ್ದವು. ಒಳಗೆ ಹೋದರೆ ದಾರಿ ತಪ್ಪುತ್ತಿತ್ತು. ಇದು ಗುಬ್ಬಿಗೂಡಿನಷ್ಟು. "ಶುರು ಮಾಡೋಣ" ಎಂಬ ಅದರ ಮೊದಲ ಪುಟದಲ್ಲಿದ್ದ ಸಾಲುಗಳನ್ನು ಅವಳು ಒಂದೊಂದಾಗಿ ಕೈಯಾರೆ ಬರೆದಳು. ಈ ಬಾಗಿಲಿಗೆ ಬಂದವರಿಗೆ ಈ ಮಾತು ಹೇಳು. ಆ ಬಾಗಿಲಿಗೆ ಬಂದವರು ಏನಾದರೂ ಕೊಟ್ಟರೆ ತೆಗೆದಿಟ್ಟುಕೋ. ಅಷ್ಟೇ ಅದರ ತಿರುಳು. ಬರೆದು, ಉಸಿರು ಬಿಗಿಹಿಡಿದು ನೋಡಿದರೆ, ಪರದೆಯ ಮೇಲೆ ಅವಳದೇ ಅಕ್ಷರ: ನಮಸ್ಕಾರ, ಲೋಕವೇ.

ಗುಂಗಿ ಎದ್ದು ಚಿಕ್ಕಮ್ಮನನ್ನು ತಬ್ಬಿಕೊಂಡಳು. ಚಿಕ್ಕಮ್ಮನ ಬೆರಳಿಗೆ ಸೂಜಿ ಚುಚ್ಚಿತು. "ಲೋಕಕ್ಕೆ ನಮಸ್ಕಾರ ಆಮೇಲೆ ಹೇಳು, ಮೊದಲು ನನ್ನ ರಕ್ತ ಒರೆಸು" ಎಂದಳು ಆಕೆ.

ಮುಂದಿನದು ತಾನಾಗಿಯೇ ಬೆಳೆಯಿತು. ಗಿರಾಕಿಗಳು ಮನೆಯಿಂದಲೇ ಅಮ್ಮನಿಗೆ ಹೇಳಬೇಕಾದ್ದನ್ನು ಬರೆಯಬಹುದಾದ ಒಂದು ಪುಟ. ಬರೆದು ಗುಂಡಿ ಒತ್ತಿದರೆ "ನಿಮ್ಮ ಮಾತು ತಲುಪಿದೆ" ಎಂಬ ಉತ್ತರ. ಅಂಗಡಿಯ ಕಂಪ್ಯೂಟರಿನಲ್ಲಿ ಅಮ್ಮನಿಗೆಂದೇ ಇನ್ನೊಂದು ಪುಟ, ಬಂದ ಮಾತುಗಳೆಲ್ಲ ಅದರಲ್ಲಿ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಒಂದು ಮೂಲೆಗೆ ಅದನ್ನು ಏರಿಸಿದಳು. ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದಳು: "ಇನ್ನು ಓಡಿ ಬರಬೇಕಿಲ್ಲ."

ಆ ಪುಟಕ್ಕೊಂದು ಹಕ್ಕಿ ಬೇಕು ಎಂದು ಅವಳಿಗೆ ಅನಿಸಿದ್ದು ಅಜ್ಜಿಯ ಕಥೆಯಿಂದ. ಆ ಕಥೆಯಲ್ಲಿ ಏಳು ಬೆಟ್ಟದಾಚೆ ಇರುವ ಮಗಳಿಗೆ ತಾಯಿಯೊಬ್ಬಳು ಹಕ್ಕಿಯ ಕೊಕ್ಕಿನಲ್ಲಿ ಒಂದು ಮಾತಿಟ್ಟು ಕಳಿಸುತ್ತಾಳೆ. ಹಾದಿಯಲ್ಲಿ ಕೊಳ. ಕೊಳದಲ್ಲಿ ತನ್ನದೇ ರೂಪ ಕಂಡು ಹಕ್ಕಿ ಬೆರಗಾಗಿ ಬಾಯಿ ತೆರೆಯುತ್ತದೆ. ಮಾತು ಜಾರಿ ನೀರಿಗೆ ಬೀಳುತ್ತದೆ. ಹಕ್ಕಿ ತಿರುಗಿ ಬಂದು ತಾಯಿಗೆ ಹೇಳುತ್ತದೆ, "ತಲುಪಿತಮ್ಮಾ, ತಲುಪಿತು." ಆಮೇಲೆ ಹಕ್ಕಿಗೆ ಏನಾಯಿತು ಎಂಬುದು ಅಂದಂದಿನ ಗುಂಗಿಯ ನಡತೆಯ ಮೇಲೆ ನಿಂತಿರುತ್ತಿತ್ತು. ಜಾಣೆಯಾಗಿದ್ದ ದಿನ ಮೀನೊಂದು ಮಾತನ್ನು ಹೆಕ್ಕಿ ಕೊಡುತ್ತಿತ್ತು. ಹಟ ಮಾಡಿದ ದಿನ ಹಕ್ಕಿಯ ಗಂಟಲು ಕಟ್ಟಿ, ಅದು ಜನ್ಮವಿಡೀ "ತಲುಪಿತು, ತಲುಪಿತು" ಎನ್ನುವುದನ್ನು ಬಿಟ್ಟು ಬೇರೇನನ್ನೂ ಕೂಗಲಾರದೆ ಹೋಗುತ್ತಿತ್ತು. ಕೊನೆಕೊನೆಗೆ ಅಜ್ಜಿಗೆ ಮರೆವು ಅಡರಿತು. ಮೊದಲು ಉಪ್ಪು ಮರೆತಳು, ಆಮೇಲೆ ಬೀದಿ, ಆಮೇಲೆ ಮಗಳ ಮುಖ. "ನೀನು ಯಾರ ಮನೆಯವಳಮ್ಮ? ಒಳ್ಳೆ ಮನಸ್ಸು ನಿಂದು" ಎಂದು ಸ್ವಂತ ಮಗಳ ಕೈಯಿಂದ ತುತ್ತು ತಿನ್ನುತ್ತಿದ್ದಳು. ಆಗ ಕಥೆಯ ಹಕ್ಕಿ ಗೂಡಿನಿಂದ ಹಾರುತ್ತಿತ್ತು, ಅಷ್ಟೇ. ಕೊಳಕ್ಕೂ ಬರುತ್ತಿರಲಿಲ್ಲ, ಬೆಟ್ಟಕ್ಕೂ ಹೋಗುತ್ತಿರಲಿಲ್ಲ.

ಅಂಥ ಹಕ್ಕಿಯನ್ನು ಗುಂಗಿ "ತಲುಪಿದೆ" ಎಂಬ ಮಾತಿನ ಪಕ್ಕದಲ್ಲಿ ಕೂರಿಸಿದಳು. ಮೊದಲು ಬೂದು ಬಣ್ಣ ಕೊಟ್ಟಳು. ಆಮೇಲೆ ನೀಲಿ. ಆಮೇಲೆ ಕೊಕ್ಕು ಸರಿಯಿಲ್ಲ ಎನಿಸಿತು.

ಇಲ್ಲೊಂದು ವಿಷಯ ಹೇಳಬೇಕು. ಆ "ಶುರು ಮಾಡೋಣ" ಪುಟದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಒಂದು ಎಚ್ಚರಿಕೆಯ ಮಾತಿತ್ತು: ಈ ಉದಾಹರಣೆಯಲ್ಲಿ ಬಂದ ಮಾಹಿತಿ ಆ್ಯಪ್ ಓಡುತ್ತಿರುವಷ್ಟು ಹೊತ್ತು ಮಾತ್ರ ಉಳಿಯುತ್ತದೆ, ನಿಂತು ಮತ್ತೆ ಶುರುವಾದರೆ ಎಲ್ಲ ಖಾಲಿ, ನಿಜವಾದ ಬಳಕೆಗೆ ಎಲ್ಲವನ್ನೂ ಕಾಪಿಡುವ ಡೇಟಾಬೇಸ್ ಜೋಡಿಸಿಕೊಳ್ಳಿ. ಮಡಿಲಲ್ಲಿ ಹೂ ತುಂಬಿಕೊಂಡು ಕೂತವಳು ಎದ್ದು ನಿಂತ ಹಾಗೆ. ಗುಂಗಿ ಅದನ್ನು ಓದಿದ್ದಳು. ಓದಿ, ನಾಳೆ ನೋಡೋಣ ಎಂದುಕೊಂಡಿದ್ದಳು. ಅವಳು ಹಕ್ಕಿಯ ಬಣ್ಣ ಬದಲಿಸಿ ಮೇಲೇರಿಸಿದಾಗಲೆಲ್ಲ ಆ್ಯಪ್ ಒಮ್ಮೆ ಎದ್ದು ನಿಂತು ಮಡಿಲು ಕೊಡವುತ್ತಿತ್ತು. ಅಮ್ಮನ ಪುಟ ಖಾಲಿಯಾಗುವುದನ್ನು ಅವಳು ಕಂಡೂ ಇದ್ದಳು. ಅಮ್ಮ ಓದಿ ಮುಗಿಸಿದ ಮಾತುಗಳು ತಾನೆ, ಹೋದರೆ ಹೋಗಲಿ, ಪುಟವೂ ಚೊಕ್ಕಟವಾಗಿರುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದಳು. ನಾಳೆ ಎಂಬುದಕ್ಕೆ ಹೇಗೂ ಕಾಲಿಲ್ಲವಲ್ಲ, ಅದು ಬರಲೇ ಇಲ್ಲ.

ಬಂದದ್ದು ಕೋಟು.

ಬೀದಿಯ ತಿರುವಿನ ಔಷಧಿ ಅಂಗಡಿಯಾಕೆ ಅದನ್ನು ಎರಡೂ ಕೈಯಲ್ಲಿ ಮಗುವಿನಂತೆ ಎತ್ತಿಕೊಂಡು ಬಂದಿದ್ದಳು. ತೀರಿಹೋದ ಅಪ್ಪನ ಕೋಟು. ದಟ್ಟ ಕಂದು ಉಣ್ಣೆ, ಒಳಗೆ ಸವೆದ ಅಸ್ತರಿ, ಜೇಬಿನಲ್ಲಿ ಇನ್ನೂ ಕರ್ಪೂರದ ವಾಸನೆ. "ನನ್ನ ಮಗನ ಅಳತೆಗೆ ಮಾಡಿಕೊಡಿ. ತಾತನ್ನ ಅವನು ನೋಡಲಿಲ್ಲ, ಕೋಟಾದ್ರೂ ಹಾಕ್ಕೊಳ್ಳಲಿ" ಎಂದಳು. ಅಮ್ಮ ಆ ಬಟ್ಟೆಯ ಮೇಲೆ ಕೈಯಾಡಿಸಿ, "ಇಂಥ ಉಣ್ಣೆ ಈಗ ಎಲ್ಲಿ ಬರುತ್ತೆ" ಎಂದು, ನಿಧಾನವಾಗಿ ಗೆರೆ ಎಳೆದು, ಕತ್ತರಿ ಮಲಗಿಸಿ ಮನೆಗೆ ಬಂದಳು.

ಮರುದಿನ ಬೆಳಗ್ಗೆ ಅಂಗಡಿಯ ಬೀಗ ತೆಗೆದದ್ದು ಗುಂಗಿ. ಮಲಗುವಾಗಲೇ ಅವಳ ತಲೆಯಲ್ಲಿ ಹಕ್ಕಿಯ ರೆಕ್ಕೆ ಬಡಿಯುತ್ತಿತ್ತು. "ತಲುಪಿದೆ" ಎನ್ನುವಾಗ ಅದು ರೆಕ್ಕೆ ಬಿಚ್ಚಬೇಕು! ಅಮ್ಮ ಬೀದಿಯಲ್ಲಿ ತರಕಾರಿಯವಳ ಜೊತೆ ಚೌಕಾಸಿ ಮಾಡುತ್ತ ಹಿಂದೆ ಉಳಿದಿದ್ದಳು. ಗುಂಗಿ ಕಂಪ್ಯೂಟರ್ ತೆರೆದು, ರೆಕ್ಕೆಯ ಸಾಲುಗಳನ್ನು ಬರೆದು, ಮೇಲೇರಿಸಿದಳು. ಹಕ್ಕಿ ರೆಕ್ಕೆ ಬಿಚ್ಚಿತು. ಅವಳು ಅದನ್ನೇ ಮತ್ತೆ ಮತ್ತೆ ನೋಡುತ್ತ ಕೂತಳು.

ಅಮ್ಮ ಬಂದಳು. ಕೈ ಒರೆಸಿಕೊಂಡು ತನ್ನ ಪುಟ ನೋಡಿದಳು. ಖಾಲಿ. "ಯಾರೂ ಏನೂ ಹೇಳಿಲ್ಲ" ಎಂದು ತನಗೆ ತಾನೇ ಹೇಳಿಕೊಂಡಳು. ಬಾಗಿಲ ಕಡೆಗೂ ನೋಡಿದಳು. ಏದುಸಿರು ಬಿಡುತ್ತ ಯಾರೂ ನಿಂತಿರಲಿಲ್ಲ. ಕತ್ತರಿಯ ಬಾಯಿ ತೆರೆಯಿತು.

ಔಷಧಿ ಅಂಗಡಿಯಾಕೆ ಮಧ್ಯಾಹ್ನ ಊಟದ ಹೊತ್ತಿಗೆ, ನಗುನಗುತ್ತಲೇ ಬಂದಳು. "ಕೋಟು ಮಡಚಿಟ್ಟಿದ್ದೀರಾ? ಅಣ್ಣ ಬಂದುಬಿಟ್ಟಿದ್ದಾನೆ, ಒಯ್ಯೋಕೆ."

ಅಮ್ಮ ಮೇಜಿನಿಂದ ತಲೆ ಎತ್ತಿದಳು. ಮೇಜಿನ ಮೇಲೆ ತೋಳುಗಳು ಬೇರೆ, ಬೆನ್ನು ಬೇರೆ, ಕಾಲರು ಬೇರೆ.

ಆ ಹೆಂಗಸು ಮೊದಲು ಕೂಗಾಡಲಿಲ್ಲ. ತೋಳೊಂದನ್ನು ಎತ್ತಿ, ಒಳಗೆ ಕೈ ಹಾಕಿ, ಇನ್ನೊಂದು ತುದಿಯಲ್ಲಿ ತನ್ನ ಬೆರಳು ಹೊರಬರುವುದನ್ನು ನೋಡಿದಳು. ಆಮೇಲೆ ಫೋನು ತೆಗೆದು ಅಮ್ಮನ ಮುಖದ ಮುಂದೆ ಹಿಡಿದಳು. ಪುಟ ಇನ್ನೂ ತೆರೆದೇ ಇತ್ತು. "ಅಣ್ಣ ಬರ್ತಾ ಇದ್ದಾನೆ. ಅಪ್ಪನ ಕೋಟು ಇದ್ದ ಹಾಗೇ ಬೇಕಂತೆ. ದಯವಿಟ್ಟು ಕತ್ತರಿಸಬೇಡಿ." ಅದರ ಕೆಳಗೆ: ನಿಮ್ಮ ಮಾತು ತಲುಪಿದೆ. ಪಕ್ಕದಲ್ಲಿ ರೆಕ್ಕೆ ಬಿಚ್ಚದ, ನಿನ್ನೆಯ ನೀಲಿ ಹಕ್ಕಿ.

"ನಿನ್ನೆ ಸಂಜೆನೇ ಬರೆದೆ. ತಲುಪಿದೆ ಅಂತ ಬಂತು, ಅದಕ್ಕೇ ನಿಶ್ಚಿಂತೆಯಾಗಿ ಕೂತೆ. ಇಲ್ದಿದ್ರೆ ಓಡಿ ಬರ್ತಿರಲಿಲ್ವಾ ನಾನು? ಇಲ್ಲೇ ಇದ್ದೀನಲ್ಲ, ಕೂಗಳತೆ ದೂರದಲ್ಲಿ!"

ಅಮ್ಮ ಫೋನನ್ನು ನೋಡಿದಳು. "ತಲುಪಿದೆ ಅಂತ ಇದೆ" ಎಂದಳು. "ಅಂದ್ಮೇಲೆ ನಾನು ಓದಿರಬೇಕು."

"ಓದಿ?"

"ಓದಿ... ಮರೆತಿರಬೇಕು."

"ಮರೆಯೋ ವಯಸ್ಸಾದ್ರೆ ಕತ್ತರಿ ಬಿಡಬೇಕಮ್ಮ!" ಎಂದಳು ಆಕೆ. ಈಗ ಅವಳ ದನಿ ಒಡೆದಿತ್ತು. "ಬೇರೆಯವರ ಅಪ್ಪನ ಕೋಟಿನ ಮೇಲೆ ಯಾಕೆ ಕೈ ಇಡ್ತೀರಿ?"

ಗುಂಗಿಗೆ ಆ ಕ್ಷಣಕ್ಕೇ ಗೊತ್ತಾಗಿತ್ತು. ನೆತ್ತಿಯಿಂದ ಅಂಗಾಲಿನವರೆಗೆ ಗೊತ್ತಾಗಿತ್ತು. ಅವಳು ಬಾಯಿ ತೆರೆದಳು. "ಅದು ಹಾಗಲ್ಲ..." ಎಂದಳು. ಚಿಕ್ಕಮ್ಮ ನಡುವೆ ನುಗ್ಗಿ, "ನೀನು ಸುಮ್ನಿರೇ, ದೊಡ್ಡವರ ಮಧ್ಯೆ" ಎಂದು ಗದರಿ, ಆ ಹೆಂಗಸಿಗೆ ನೀರು ಕೊಟ್ಟು, ತುಂಡುಗಳನ್ನು ಮಡಚಿ ಚೀಲಕ್ಕೆ ಹಾಕಿ ಕಳಿಸಿದಳು. ಗುಂಗಿ ಸುಮ್ಮನಾದಳು. ಸುಮ್ಮನಿರು ಎಂದದ್ದಕ್ಕೆ ಸುಮ್ಮನಾದೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಎಂದಾದರೂ ಒಂದು ಸಲ ಚಿಕ್ಕಮ್ಮ ಹೇಳಿದ್ದನ್ನು ಕೇಳಿದವಳೇ ಅವಳು?

ಆ ಮಧ್ಯಾಹ್ನವೇ ಕೂತು ಡೇಟಾಬೇಸ್ ಜೋಡಿಸಿದಳು. ಅಷ್ಟು ದಿನ ಬೆಟ್ಟದಂತೆ ಕಂಡಿದ್ದ ಕೆಲಸ, ಚಹಾ ಆರುವುದರೊಳಗೆ ಆಗಿಹೋಯಿತು. ಅದೇ ಅವಳನ್ನು ಹೆಚ್ಚು ಚುಚ್ಚಿತು. ಆ್ಯಪ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಮಾತು ಈಗ ಅಲ್ಲೇ ಇರುತ್ತಿತ್ತು. ತಪ್ಪನ್ನು ತಿದ್ದಿದಳು. ಒಪ್ಪಿಕೊಳ್ಳುವುದನ್ನು ಮಾತ್ರ ನಾಳೆಗೆ ಇಟ್ಟಳು.

ಅಮ್ಮ ಕೂಗಾಡಿದ್ದರೆ, ಅತ್ತಿದ್ದರೆ, ಗುಂಗಿ ಅಂದೇ ಹೇಳಿಬಿಡುತ್ತಿದ್ದಳೇನೋ. ಅಮ್ಮ ಮೆತ್ತಗಾದಳು. ಕತ್ತರಿಯನ್ನು ಒರೆಸಿ, ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ, ಮೇಲಿನ ಕಪಾಟಿಗೆ ಇಟ್ಟಳು. ಕತ್ತರಿಸುವ ಕೆಲಸ ತಂದವರನ್ನು "ಗಾಜಿನ ಬಾಗಿಲಿನವರ ಹತ್ರ ಕೊಡಿ, ಅವರೂ ಚೆನ್ನಾಗೇ ಮಾಡ್ತಾರೆ" ಎಂದು ಕಳಿಸತೊಡಗಿದಳು. ಬರೇ ಅಂಚು ಮಡಚುವ, ಜಿಪ್ಪು ಹಾಕುವ ಕೆಲಸ ಉಳಿಯಿತು.

ಆಮೇಲೆ ಬೆರಳುಗಳಿಗೆ ದಾರ ಬಂತು. ಒಲೆ ಆರಿಸಲು ಮರೆಯದಿರಲೆಂದು ತೋರುಬೆರಳಿಗೆ ಕೆಂಪು. ಇಸ್ತ್ರಿಪೆಟ್ಟಿಗೆಗೆ ನೀಲಿ. ಬೀಗಕ್ಕೆ ಹಳದಿ. ಯಾರೋ ನಾಳೆ ಬರುತ್ತೇನೆ ಎಂದರೆ ಕಿರುಬೆರಳಿಗೆ ಇನ್ನೊಂದು.

"ಏನಕ್ಕಾ ಇದು, ದಾರದ ಅಂಗಡಿ ಬೆರಳಲ್ಲೇ ಇಟ್ಟಿದ್ದೀಯ?" ಎಂದು ಚಿಕ್ಕಮ್ಮ ನಗಿಸಲು ನೋಡಿದಳು.

"ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು" ಎಂದಳು ಅಮ್ಮ. ಚಿಕ್ಕಮ್ಮ ನಗಲಿಲ್ಲ.

ಪಾತ್ರೆ ತೊಳೆಯುವಾಗ ಅಮ್ಮ ಪಿಸುಗುಟ್ಟುತ್ತಿದ್ದಳು. ಗುಂಗಿ ಹಿಂದೆ ನಿಂತು ಕೇಳಿಸಿಕೊಂಡಳು. ಬಳಗದವರ ಹೆಸರುಗಳು, ಒಬ್ಬೊಬ್ಬರದಾಗಿ, ಬಿಡದೆ, ಮಕ್ಕಳ ಸಮೇತ. ಪರೀಕ್ಷೆಗೆ ಓದುವ ಹುಡುಗಿಯ ಹಾಗೆ. ಮಧ್ಯೆ ಎಲ್ಲೋ ತಡವರಿಸಿದರೆ ನಲ್ಲಿಯ ಕೆಳಗೆ ಕೈ ಹಾಗೇ ನಿಂತುಬಿಡುತ್ತಿತ್ತು. ನೀರು ಸುರಿಯುತ್ತಲೇ ಇರುತ್ತಿತ್ತು.

ಹೇಳಿಬಿಡು, ಹೇಳಿಬಿಡು ಎಂದು ಗುಂಗಿಯ ಒಳಗೆ ಏನೋ ಕೊರೆಯುತ್ತಿತ್ತು, ಹೆಸರಿಗೆ ತಕ್ಕ ಹುಳ. ಆದರೆ ಒಂದೊಂದು ದಿನ ಕಳೆದಂತೆ ಹೇಳಬೇಕಾದ ಮಾತು ದೊಡ್ಡದಾಗುತ್ತ ಹೋಯಿತು. ಮೊದಲ ದಿನ ಅದು "ಆ್ಯಪ್ ಮಾತನ್ನು ಕಳೆದುಬಿಡ್ತು" ಎಂಬಷ್ಟೇ ಇತ್ತು. ಆಮೇಲೆ "ಅದು ಹಾಗೆ ಕಳೆಯುತ್ತೆ ಅಂತ ನನಗೆ ಗೊತ್ತಿತ್ತು" ಎಂಬುದೂ ಅದಕ್ಕೆ ಅಂಟಿಕೊಂಡಿತು. ಈಗ "ಗೊತ್ತಿದ್ದೂ ನೀನು ಹೀಗೆ ನರಳೋದನ್ನ ನೋಡ್ತಾ ಕೂತಿದ್ದೆ" ಎಂಬ ಬಾಲ. ಇಷ್ಟುದ್ದದ ಮಾತು ಗಂಟಲಲ್ಲಿ ಹಿಡಿಸುತ್ತಿರಲಿಲ್ಲ. ಅಮ್ಮನ ಕಾಲು ಒತ್ತಿದಳು, ಕೇಳದೆಯೇ ಅಂಗಡಿ ಗುಡಿಸಿದಳು, ಬೆಳಗ್ಗೆ ಎದ್ದು ಚಹಾ ಮಾಡಿದಳು. ಅಮ್ಮ ಅವಳ ಕೆನ್ನೆ ಸವರಿ, "ಎಷ್ಟು ಬದಲಾದೆಯೇ ನೀನು. ನನಗೆ ಹೀಗಾಯ್ತು ಅಂತ ನೋಡ್ಕೋತಿದ್ದೀಯ. ನಾನೂ ನಮ್ಮಮ್ಮನ್ನ ಹಾಗೇ ನೋಡ್ಕೊಂಡೆ" ಎಂದಳು. ಗುಂಗಿ ನಕ್ಕು, ಚಹಾದ ಲೋಟವನ್ನು ಅವಳ ಕೈಗಿಟ್ಟಳು.

ಡಾಕ್ಟರ ಹತ್ತಿರ ಹೋಗೋಣ ಎಂದವಳು ಅಮ್ಮನೇ. "ಮುಚ್ಚಿಟ್ಕೊಂಡ್ರೆ ಕಾಯಿಲೆ ಹೋಗುತ್ತಾ? ನೀನೂ ಬಾ ಗುಂಗಿ. ಅವರು ಹೇಳಿದ್ದು ನನಗೆ ನೆನಪಿರುತ್ತೋ ಇಲ್ವೋ."

ಡಾಕ್ಟರ ಕೋಣೆಯಲ್ಲಿ ಎತ್ತರದ ಕಿಟಕಿ, ಕಿಟಕಿಯಲ್ಲಿ ಒಣಗಿದ ಗಿಡ, ಮೇಜಿನ ಮೇಲೆ ಮಿದುಳಿನದೊಂದು ಬಣ್ಣದ ಗೊಂಬೆ. ಅದರ ಒಂದು ತುಂಡು ಕಳೆದುಹೋಗಿತ್ತು. ಡಾಕ್ಟರು ಬಿಳಿ ಮೀಸೆಯ, ಅವಸರವಿಲ್ಲದ ಮನುಷ್ಯ. ಅಮ್ಮನಿಗೆ ಕೆಲವು ಪದಗಳನ್ನು ಹೇಳಿ ನೆನಪಿಡಿ ಎಂದರು. ಗಡಿಯಾರ ಬರೆಯಲು ಹೇಳಿದರು. ಅಮ್ಮ ಅದನ್ನು ಸೀಮೆಸುಣ್ಣ ಹಿಡಿದವಳಂತೆ ಒಂದೇ ಎಳೆತಕ್ಕೆ, ಅಳೆದಷ್ಟು ದುಂಡಗೆ ಬರೆದಳು. ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿಸಿದರು. ಮತ್ತೆ ಮೊದಲಿನ ಪದಗಳನ್ನು ಕೇಳಿದರು. ಅಮ್ಮ ಒಂದೂ ಬಿಡದೆ ಒಪ್ಪಿಸಿ, "ನೀವು 'ಸೇಬು' ಅನ್ನೋವಾಗ ಕೆಮ್ಮಿದ್ರಿ" ಎಂದೂ ಸೇರಿಸಿದಳು.

ಡಾಕ್ಟರು ಕನ್ನಡಕ ತೆಗೆದರು. "ಅಮ್ಮಾ, ಬೆಳಗ್ಗೆ ಏನು ತಿಂದೆ ಅಂತ ನನಗೇ ನೆನಪಿಲ್ಲ. ನಿಮಗೆ ಏನೂ ಆಗಿಲ್ಲ."

"ಹಾಗಾದ್ರೆ ಕೋಟು?"

"ಯಾವ ಕೋಟು?"

ಅಮ್ಮ ಹೇಳಿದಳು. ಏನನ್ನೂ ಮುಚ್ಚಿಡದೆ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವವಳಂತೆ ಹೇಳಿದಳು. "ಓದಿದ್ದು ಒಂದಿಷ್ಟೂ ನೆನಪಿಲ್ಲ ಡಾಕ್ಟ್ರೇ. ಎಷ್ಟು ತಡಕಾಡಿದ್ರೂ ಸಿಗಲ್ಲ. ಉಳಿದದ್ದೆಲ್ಲ ಇದೆ, ಆ ಒಂದು ಮಾತು ಇದ್ದ ಜಾಗ ಮಾತ್ರ ಬೆಳ್ಳಗೆ. ಅದು ಇನ್ನೂ ಕೆಟ್ಟದ್ದಲ್ವಾ? ಗೊತ್ತೇ ಆಗದ ಹಾಗೆ ಹೋಗಿಬಿಟ್ರೆ?"

ಡಾಕ್ಟರ ಹುಬ್ಬು ಗಂಟಾಯಿತು. ಅವರು ಪೆನ್ನು ಎತ್ತಿಕೊಂಡರು. "ಹಾಗೆ ಒಂದು ಘಟನೆ ಪೂರ್ತಿ ಅಳಿಸಿಹೋಗಿದ್ರೆ... ನಿಮ್ಮ ತಾಯಿಗೂ ಇತ್ತು ಅಂತೀರಿ. ಸ್ಕ್ಯಾನ್ ಮಾಡಿಸೋಣ. ಮಾತ್ರೆನೂ ಒಂದು ಶುರು ಮಾಡೋಣ, ಈಗಿಂದಲೇ."

"ಬೇಡ" ಎಂದಳು ಗುಂಗಿ.

ಇಬ್ಬರೂ ಅವಳತ್ತ ತಿರುಗಿದರು.

"ಅಮ್ಮ ಮರೆತಿಲ್ಲ. ಓದೇ ಇಲ್ಲ. ಆ ಮಾತು ಅಮ್ಮನ ಪುಟದಲ್ಲಿ ಇರಲೇ ಇಲ್ಲ. ಬಂದಿತ್ತು, ನಾನು... ನಾನು ಬೆಳಗ್ಗೆ ಹಕ್ಕಿಗೆ ರೆಕ್ಕೆ ಹಾಕಿದೆ. ಹಾಕಿ ಮೇಲೇರಿಸಿದ್ರೆ ಒಳಗಿರೋದೆಲ್ಲ ಅಳಿಸಿಹೋಗುತ್ತೆ. ಅದು ಕಲಿಯೋರಿಗೆ ಬರೆದಿದ್ದ ಉದಾಹರಣೆ, ನಿಜವಾದ ಅಂಗಡಿಗಲ್ಲ. ಹಾಗಂತ ಅದರಲ್ಲೇ ಬರೆದಿತ್ತು. ನಾನು ಓದಿದ್ದೆ."

ಡಾಕ್ಟರಿಗೆ ಹಕ್ಕಿಯ ವಿಷಯ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಔಷಧಿ ನಿಮಗೆ ಬೇಕಿಲ್ಲಮ್ಮ" ಎಂದು ಅಮ್ಮನಿಗೆ ಮೆಲ್ಲಗೆ ಹೇಳಿದರು. ಗುಂಗಿಯ ಕಡೆ ನೋಡಲಿಲ್ಲ.

ಹೊರಗೆ ಬಿಸಿಲು. ಅಮ್ಮ ಮುಂದೆ, ಗುಂಗಿ ಹಿಂದೆ. ಬಸ್ ನಿಲ್ದಾಣ ದಾಟಿದರು, ಹೂವಿನ ಅಂಗಡಿ ದಾಟಿದರು, ಅಮ್ಮ ನಿಲ್ಲಲಿಲ್ಲ. ಸೈಕಲ್ ರಿಪೇರಿಯವನ ನೆರಳಿನಲ್ಲಿ ಕೊನೆಗೂ ನಿಂತು, ತಿರುಗದೆಯೇ ಕೇಳಿದಳು: "ಯಾವತ್ತು ಗೊತ್ತಾಯ್ತು ನಿನಗೆ?"

"ಆವತ್ತೇ."

"ಆವತ್ತು ಅಂದ್ರೆ?"

"ಅವರು ಫೋನ್ ತೋರಿಸಿದಾಗಲೇ."

ಅಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ಕೆಂಪು, ನೀಲಿ, ಹಳದಿ. "ಕೋಟು ಹೋಗ್ಲಿ" ಎಂದಳು. "ಕೋಟು ಯಾರ ಕೈಲಾದ್ರೂ ಹಾಳಾಗುತ್ತೆ. ಈ ಕೈಲೂ ಆಗಿದೆ ಎಷ್ಟೋ ಸಲ. ಆದ್ರೆ ನಾನು ದಿನಾ ಬೆಳಗ್ಗೆ ಎದ್ದು ಮೊದಲು ನಿನ್ನ ಮುಖ ನೋಡ್ತಿದ್ದೆ ಗುಂಗಿ. ಇವತ್ತು ಗುರುತು ಸಿಗುತ್ತೋ ಇಲ್ವೋ ಅಂತ. ಸಿಕ್ಕಿದ್ರೆ, ಸದ್ಯ, ಇವತ್ತಿಗೆ ಪಾರು ಅಂದ್ಕೋತಿದ್ದೆ. ನೀನು ನಗ್ತಾ ಚಹಾ ಕೊಡ್ತಿದ್ದೆ."

ಗುಂಗಿ ಅತ್ತಳು. ಅಮ್ಮ ಅವಳ ಕಣ್ಣು ಒರೆಸಲಿಲ್ಲ. ಸೈಕಲ್ಲಿನವನು ಗಾಳಿ ಹೊಡೆಯುವುದನ್ನು ನಿಲ್ಲಿಸಿ ನೋಡಿದ. ಅಮ್ಮ ಅವನಿಗೆ, "ಏನಿಲ್ಲಪ್ಪ, ನಿನ್ನ ಕೆಲಸ ನೋಡು" ಎಂದಳು. ಆಮೇಲೆ ಮಗಳಿಗೆ: "ಔಷಧಿ ಅಂಗಡಿಗೆ ಹೋಗು. ಬರೆದು ಕಳಿಸಬೇಡ. ಕಾಲಿದೆಯಲ್ಲ, ನಡೆದು ಹೋಗು. ಬಾಯಿದೆಯಲ್ಲ, ಹೇಳು."

ಔಷಧಿ ಅಂಗಡಿಯ ಮುಂದೆ ಜನ ನಿಂತಿದ್ದರು. ಗುಂಗಿ ಅವರ ಹಿಂದೆ ನಿಂತಳು. ಕೆಮ್ಮಿನವರು, ಕಾಲುನೋವಿನವರು, ಒಬ್ಬೊಬ್ಬರೇ ತಮ್ಮ ತಮ್ಮ ಪೊಟ್ಟಣ ಹಿಡಿದು ಹೋದರು. ತನ್ನ ಸರದಿ ಬಂದಾಗ, ಗಾಜಿನ ಜಾಡಿಗಳ ನಡುವೆ ಕಂಡ ಆ ಮುಖಕ್ಕೆ ಎಲ್ಲವನ್ನೂ ಹೇಳಿದಳು. ಈ ಸಲ ಬಾಲವನ್ನೂ ಬಿಡಲಿಲ್ಲ.

ಆಕೆ ಕೇಳಿಸಿಕೊಂಡಳು. ಒಂದು ಪೊಟ್ಟಣದ ಅಂಚನ್ನೇ ಮಡಚಿ ಬಿಡಿಸಿ ಮಾಡಿದಳು. "ನಿಮ್ಮ ಅಮ್ಮನಿಗೆ ನಾನು ಏನೇನೋ ಅಂದುಬಿಟ್ಟೆ" ಎಂದಳು ಕೊನೆಗೆ. "ನೀನು ಪಕ್ಕದಲ್ಲೇ ನಿಂತಿದ್ದೆ. ಅನ್ನೋಕೆ ಬಿಟ್ಟೆ."

"ಹೌದು."

"ಅಣ್ಣ ಆ ತುಂಡುಗಳನ್ನೇ ತಗೊಂಡು ಹೋದ. ಒಂದು ತೋಳನ್ನ ನನಗೆ ಕೊಟ್ಟ." ಆಕೆ ಬೇರೇನೋ ಹೇಳಲು ಹೊರಟವಳು ನಿಲ್ಲಿಸಿ, ಗುಂಗಿಯ ತಲೆಯ ಮೇಲಿಂದ ಹಿಂದಿನವರನ್ನು ಕರೆದಳು. "ಮುಂದಿನವರು ಬನ್ನಿ."

ಮನ್ನಿಸಿದಳೇ? ಗುಂಗಿಗೆ ತಿಳಿಯಲಿಲ್ಲ. ಕೇಳುವ ಹಕ್ಕೂ ತನಗಿಲ್ಲ ಎನಿಸಿತು.

ಅಂಗಡಿಗೆ ಬಂದಾಗ ಅಮ್ಮ ಚಿಕ್ಕಮ್ಮನಿಗೆ ಎಲ್ಲ ಹೇಳಿ ಮುಗಿಸಿದ್ದಳು. ಚಿಕ್ಕಮ್ಮನ ಬಾಯಿ ಹುಟ್ಟಿದ ಮೇಲೆ ಮೊದಲ ಸಲ ಹೊಲಿದುಕೊಂಡಿತ್ತು. ಅದು ಯಾವ ಬೈಗುಳಕ್ಕಿಂತಲೂ ಹೆಚ್ಚು ಉರಿಯಿತು. ಅಮ್ಮ ಕುರ್ಚಿ ಹತ್ತಿ ಮೇಲಿನ ಕಪಾಟಿನಿಂದ ಕತ್ತರಿ ಇಳಿಸಿದ್ದಳು. ಸುತ್ತಿದ್ದ ಬಟ್ಟೆ ಬಿಚ್ಚಿ, ಎಡಗೈ ಚಾಚಿ, ಬೆರಳಿನ ದಾರಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದಳು. ಕೆಂಪು ಬಿತ್ತು. ಹಳದಿ ಬಿತ್ತು. ಕಿರುಬೆರಳಿನದು ಬಿತ್ತು. ಇಸ್ತ್ರಿಪೆಟ್ಟಿಗೆಯ ನೀಲಿ ದಾರದ ಹತ್ತಿರ ಕತ್ತರಿ ನಿಂತಿತು.

"ಅದನ್ನೂ ತೆಗಿ ಅಕ್ಕ" ಎಂದಳು ಚಿಕ್ಕಮ್ಮ.

"ಇರಲಿ ಬಿಡು" ಎಂದಳು ಅಮ್ಮ. "ಅಭ್ಯಾಸ ಆಗಿಬಿಟ್ಟಿದೆ."

ಗುಂಗಿ ಆ ನೀಲಿಯನ್ನು ನೋಡಿದಳು. ಹಕ್ಕಿಯದೇ ನೀಲಿ. ಅಮ್ಮನಿಗೆ ಮರೆವಿಲ್ಲವೆಂದು ಡಾಕ್ಟರು ಹೇಳಿದ್ದಾಯಿತು, ತಾನೂ ಹೇಳಿದ್ದಾಯಿತು. ಆದರೂ ಅಮ್ಮನ ಒಳಗೆ ಎಲ್ಲೋ ಒಂದು ಕಡೆ ಕತ್ತರಿಯ ಗೆರೆ ಬಿದ್ದುಬಿಟ್ಟಿತ್ತು. ಉಫ್ ಎಂದರೆ ಹೋಗುವಂಥದ್ದಲ್ಲ.

ಮೇಜಿನ ಮೇಲೆ ಆಗಲೇ ಒಂದು ಬಟ್ಟೆ ಹಾಸಿತ್ತು. ಹಿಂದಿನ ಬೀದಿಯ ಶಾಲೆಯ ಮೇಷ್ಟ್ರ ಮನೆಯಿಂದ ನಿನ್ನೆ ಬಂದ ಕಿಟಕಿ ಪರದೆ. ಗಾಜಿನ ಬಾಗಿಲಿನವರ ಹತ್ತಿರ ಹೋಗುವುದಿಲ್ಲ ಎಂದು ಹಟ ಹಿಡಿದು ಬಿಟ್ಟುಹೋದದ್ದು. ಅಮ್ಮ ಕತ್ತರಿ ಹಿಡಿದು ಅದರ ಮುಂದೆ ನಿಂತಳು. ಬಾಯಿ ತೆರೆದ ಕತ್ತರಿ ಗೆರೆಯ ತುದಿಯಲ್ಲಿ ತಡೆದು ನಿಂತಿತು.

"ಯಾರೂ ಏನೂ ಹೇಳಿಲ್ಲ ತಾನೆ?" ಎಂದಳು ಅಮ್ಮ. ಕೇಳಿದ್ದು ಮಗಳನ್ನೋ, ಗೋಡೆಯನ್ನೋ, ತನ್ನನ್ನೋ.

ಕಂಪ್ಯೂಟರಿನ ಪರದೆ ಬೆಳಗುತ್ತಲೇ ಇತ್ತು. ಅಮ್ಮನ ಪುಟ ಖಾಲಿ. ಈಗ ಆ ಖಾಲಿ ನಿಜವಾದದ್ದು, ಅದನ್ನು ನಂಬಬಹುದಿತ್ತು. ಗುಂಗಿ ಅದರತ್ತ ಬೆರಳು ಮಾಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡಳು.

"ಮೇಷ್ಟ್ರ ಮನೇಲಿ ಕೇಳಿಕೊಂಡು ಬರ್ತೀನಿ ಅಮ್ಮ. ನಾನು ಬರೋವರೆಗೆ ಹಾಗೇ ಇರು."

ಬಾಗಿಲಿನ ಚೀಟಿಯನ್ನು ಹೋಗುವಾಗಲೇ ಕಿತ್ತು ಮುಷ್ಟಿಯಲ್ಲಿ ಉಂಡೆ ಮಾಡಿದಳು. ಬೀದಿಯ ತಿರುವಿನಲ್ಲಿ, ಔಷಧಿ ಅಂಗಡಿಯ ಗಾಜಿನಲ್ಲಿ ಅವಳ ಬಿಂಬ ಮೂಡಿ ಜೊತೆಯಲ್ಲೇ ಓಡಿತು. ಗುಂಗಿ ಅತ್ತ ನೋಡಲಿಲ್ಲ.